ದಾಳಿಂಬೆಯಿಂದ ಗ್ರೆನೇಡಿಗೆ: ಒಂದು ಆಯುಧನಾಮದ ಅರ್ಥಚರಿತ್ರೆ

ಕೈಯಿಂದೆಸೆಯುವ ಸ್ಫೋಟಕಕ್ಕೆ ಕನ್ನಡದಲ್ಲಿ ‘ಗ್ರೆನೇಡ್’, ‘ಕೈಬಾಂಬು’ ಎಂಬ ಎರಡು ಪದಗಳು ಬಳಕೆಯಲ್ಲಿವೆ. ಇವೆರಡರ ಹಿಂದಿರುವ ಕಲ್ಪನೆಗಳು ಬೇರೆ ಬೇರೆ ಎಂಬುದನ್ನು ನಾವಿಲ್ಲಿ ತೋರಿಸಲು ಯತ್ನಿಸುತ್ತೇವೆ.

ಲ್ಯಾಟಿನ್ನಿನ ‘ಗ್ರಾನಾಟುಮ್’ ಎಂದರೆ ಬೀಜಗಳುಳ್ಳದ್ದು. ಅದರಿಂದ ಬಂದ ಫ್ರೆಂಚ್ ‘ಗ್ರನಾದ್’ ಮೊದಲಿಗೆ ದಾಳಿಂಬೆಯ ಹೆಸರು. 16ನೇ ಶತಮಾನದಲ್ಲಿ ಅದು ಮದ್ದು ತುಂಬಿದ ಉಂಡೆಗೂ ಸಂದಿತು. ದುಂಡನೆಯ ಒಡಲು, ಒಳಗೆ ಕಿಕ್ಕಿರಿದ ಕಾಳು: ಸಾದೃಶ್ಯಕ್ಕೆ ಇಷ್ಟು ಸಾಕಾಯಿತು. ಆಧುನಿಕ ಹೀಬ್ರೂವಿನ ‘ರಿಮ್ಮೋನ್’ ಇಂದಿಗೂ ಹಣ್ಣು, ಆಯುಧ ಎರಡನ್ನೂ ಸೂಚಿಸುತ್ತದೆ. ಹಿಂದಿ–ಉರ್ದುಗಳ ‘ಅನಾರ್’ ದಾಳಿಂಬೆಯೂ ಹೌದು, ಕಿಡಿಗಳನ್ನು ಚಿಮ್ಮಿಸುವ ಪಟಾಕಿಯೂ ಹೌದು. ಆ ಪಟಾಕಿಯನ್ನು ಕನ್ನಡವು ಹಣ್ಣಾಗಿ ಕಾಣದೆ ‘ಹೂಕುಂಡ’ವೆಂದು ಕರೆದಿದೆ.

‘ಬಾಂಬು’ ಪದದ ಮೂಲ ಆಕಾರವಲ್ಲ, ಸದ್ದು. ಗ್ರೀಕಿನ ‘ಬೊಂಬೊಸ್’ ಎಂಬ ಅನುಕರಣಶಬ್ದ ಲ್ಯಾಟಿನ್, ಇಟಾಲಿಯನ್, ಫ್ರೆಂಚುಗಳ ಮೂಲಕ ಇಂಗ್ಲಿಷಿಗೂ ಅಲ್ಲಿಂದ ನಮಗೂ ಬಂತು. ಉಕಾರಾಂತವಾಗಿ ಕನ್ನಡಕ್ಕೆ ಒಗ್ಗಿದ ಈ ಪದ ‘ಕೈ’, ‘ನಾಡ’ ಎಂಬ ಪೂರ್ವಪದಗಳೊಡನೆ ಸಲೀಸಾಗಿ ಸಮಾಸಗೊಳ್ಳುತ್ತದೆ. ‘ಗ್ರೆನೇಡ್’ ಬಹುಮಟ್ಟಿಗೆ ವ್ಯಂಜನಾಂತವಾಗಿಯೇ ಉಳಿದು ಸೇನೆಯ ನಿರ್ದಿಷ್ಟ ಆಯುಧಕ್ಕೆ ಸೀಮಿತವಾಗಿದೆ. ‘ಕೈಬಾಂಬಿ’ನ ವ್ಯಾಪ್ತಿ ಇನ್ನೂ ಹಿರಿದು. ಆದ್ದರಿಂದ ನಿಘಂಟುಗಳು ಇವನ್ನು ಕೇವಲ ಪರ್ಯಾಯಗಳೆಂದು ಕೊಟ್ಟರೆ ಸಾಲದು.

ಆಯುಧವನ್ನು ಆಕಾರದಿಂದ ಹೆಸರಿಸುವ ರೀತಿ ಕನ್ನಡಕ್ಕೆ ಹೊಸತಲ್ಲ. ‘ಗುಂಡು’ ಮೊದಲು ದುಂಡಗಿನದು, ಬಳಿಕ ಕೋವಿಯದು. 1549ರಲ್ಲಿ ಎರಕಹೊಯ್ದ ವಿಜಯಪುರದ ಮಲಿಕ್-ಎ-ಮೈದಾನವನ್ನು ಜನ ‘ತೋಪು’ ಎನ್ನುತ್ತಾರೆ. ಅದರ ಮೂಲವಾದ ತುರ್ಕಿಯ ‘ತೊಪ್’ ಎಂಬುದಕ್ಕೂ ಚೆಂಡೆಂಬ ಅರ್ಥವಿದೆ.

ಗೊಳಸಂಗಿಯನ್ನೊಳಗೊಂಡ ಇದೇ ವಿಜಯಪುರ ಸೀಮೆ ದಾಳಿಂಬೆ ಬೆಳೆಯುವ ನೆಲ. ಸಂಸ್ಕೃತದ ‘ದಾಡಿಮ’, ‘ದಾಡಿಂಬ’ ರೂಪಗಳಿಗೆ ಸಂಬಂಧಿಸಿದ ‘ದಾಳಿಂಬೆ’ ಇಲ್ಲಿ ತೋಟದ ಮಾತು, ‘ಗ್ರೆನೇಡ್’ ಪತ್ರಿಕೆಯ ಮಾತು. ಎರಡನ್ನೂ ಬಲ್ಲ ಭಾಷಿಕನಿಗೆ ಅವುಗಳ ನಂಟು ಕಾಣದು. ಪದ ಎರವಲಾಗಿ ಬಂದಿತೇ ಹೊರತು ರೂಪಕ ಬರಲಿಲ್ಲ. ವ್ಯುತ್ಪತ್ತಿಯನ್ನು ನೆಚ್ಚಿ ‘ದಾಳಿಂಬೆಗುಂಡು’ ಎಂದು ಟಂಕಿಸಿದರೆ ಅದು ಮೂಲಕ್ಕೆ ನಿಷ್ಠವಾದೀತು, ಕೇಳುಗನಿಗೆ ಒಗಟಾದೀತು. ಎರವಲು ಪದಗಳ ಅಧ್ಯಯನದಲ್ಲಿ ಧ್ವನಿರೂಪದ ಪಯಣವನ್ನೂ ಕಲ್ಪನೆಯ ಪಯಣವನ್ನೂ ಬೇರೆಬೇರೆಯಾಗಿ ಗುರುತಿಸಬೇಕೆಂಬುದು ನಮ್ಮ ನಿಲುವು.