ಹಳೆಯ ಪಿಕಪ್ಪಿನ ಪೆಡಲ್ ಹುಡುಕುತ್ತ

ನನ್ನ 1951ರ ಷೆವರ್ಲೆ ಪಿಕಪ್ಪಿನ ಆಕ್ಸಿಲರೇಟರಿನಲ್ಲಿ ತಂತಿ, ಚಿಪ್ಪು ಯಾವುದೂ ಇಲ್ಲ. ಕಾಲು ಒತ್ತಿದರೆ ಕಬ್ಬಿಣದ ಸರಳು ಜರುಗುತ್ತದೆ, ಸರಳು ಕಾರ್ಬ್ಯುರೇಟರಿನ ಬಾಯಿ ತೆರೆಯುತ್ತದೆ, ಅಷ್ಟೇ. ವರ್ಷಗಳು ಕಳೆದಂತೆ ಪೆಡಲಿನ ರಬ್ಬರು ಬಿರಿಯುತ್ತದೆ, ಸರಳಿನ ಕೀಲುಗಳು ಸವೆಯುತ್ತವೆ. ಕೀಲು ಸಿಕ್ಕಿಕೊಂಡರೆ ಕಾಲೆತ್ತಿದರೂ ಗಾಡಿ ಓಡುತ್ತಲೇ ಇರುತ್ತದೆ. ಇದು ಜೀವದ ಮಾತು.

ಇಂಥ ಬಿಡಿಭಾಗಗಳನ್ನು ಅಮೆರಿಕದ ಊರೂರಿಗೆ ಅಂಚೆಯಲ್ಲಿ ಮುಟ್ಟಿಸಿದ ಕೀರ್ತಿಯಲ್ಲಿ ಷಿಕಾಗೊದ ಒಂದು ಗುಜರಿ ಅಂಗಡಿಗೆ ದೊಡ್ಡ ಪಾಲಿದೆ. ವಲಸೆ ಬಂದ ಇಸ್ರೇಲ್ ವಾರ್ಷಾವ್‌ಸ್ಕಿ 1915ರಲ್ಲಿ ಅದನ್ನು ಶುರುಮಾಡಿದರು. ಮುಚ್ಚಿಹೋದ ಕಾರು ಕಂಪನಿಗಳ ದಾಸ್ತಾನನ್ನೂ ಕೊಂಡರು. ಮಗ ರಾಯ್ 1930ರ ದಶಕದಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಕ್ಯಾಟಲಾಗ್ ವ್ಯಾಪಾರಕ್ಕೆ ಇಳಿದರು. ಆ ವ್ಯಾಪಾರದ ಜೆ.ಸಿ. ವಿಟ್ನಿ ಎಂಬ ಹೆಸರು ಮನೆಮಾತಾದದ್ದು ಹಾಗೆ. ಪೇಟೆಯಿಂದ ದೂರವಿದ್ದ ರೈತನ ಟ್ರಕ್ಕನ್ನು ಬದುಕಿಸಿದ್ದು ಆ ದಪ್ಪ ಪುಸ್ತಕವೇ ಎಂದು ನಾನು ನಂಬಿದ್ದೇನೆ.

ಬಿಡಿಭಾಗ ಹುಡುಕುವ ಇನ್ನೊಂದು ದಾರಿ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ 1955ರಲ್ಲಿ ಆರಂಭವಾದ ಹಳೆಯ ಕಾರುಗಳ ಮೇಳ. ಅಕ್ಟೋಬರಿನಲ್ಲಿ ಮೈದಾನದ ತುಂಬ ತುಕ್ಕು ಹಿಡಿದ ಕಬ್ಬಿಣ. ನನಗಂತೂ ಅದೇ ಜಾತ್ರೆ.

ಪೆಡಲಿನ ರಬ್ಬರು ಇಂದಿಗೂ ಹೊಸದಾಗಿ ಅಚ್ಚಾಗುತ್ತದೆ, ಧಾರಾಳವಾಗಿ ಕೊಳ್ಳಿ. ಹಳೆಯ ಸರಳು ಸಿಕ್ಕರೆ ಎರಡೂ ತುದಿ ಅಲ್ಲಾಡಿಸಿ ನೋಡಿ. ಪೆಡಲನ್ನು ಹಿಂದಕ್ಕೆಳೆಯುವ ಸ್ಪ್ರಿಂಗನ್ನು ಮಾತ್ರ ಹೊಸದೇ ಹಾಕಿಸಿ.