ರನ್ನನ ಸೌಮ್ಯ ಸಂವತ್ಸರ, ಯೇಸುವಿನ ಶುಕ್ರವಾರ

ಮುಧೋಳ: ಶುಭ ಶುಕ್ರವಾರದ ರಜೆ ಯಾವ ತಿಂಗಳಲ್ಲಿ ಬರುತ್ತದೆ ಎಂಬುದನ್ನು ಕ್ಯಾಲೆಂಡರ್ ನೋಡದೆ ಹೇಳುವುದು ಕಷ್ಟ. 2024ರಲ್ಲಿ ಅದು ಮಾರ್ಚ್ 29ರಂದು, ಹೋಳಿ ಹುಣ್ಣಿಮೆಯ ಬೆನ್ನಿಗೇ ಬಂದಿತ್ತು. 2025ರಲ್ಲಿ ಏಪ್ರಿಲ್ 18ಕ್ಕೆ, ದವನದ ಹುಣ್ಣಿಮೆಯ ನಂತರಕ್ಕೆ ಸರಿಯಿತು. ಕ್ರಿಸ್‌ಮಸ್‌ಗೆ ಡಿಸೆಂಬರ್ 25 ಎಂಬ ನಿಶ್ಚಿತ ದಿನವಿದೆ. ಯೇಸು ಶಿಲುಬೆಗೇರಿದ ದಿನ ಮಾತ್ರ ಪ್ರತಿ ವರ್ಷ ಹುಣ್ಣಿಮೆಯನ್ನು ಹಿಂಬಾಲಿಸುತ್ತದೆ. ಹಾಗಾದರೆ ಆ ಮೊದಲ ಶುಕ್ರವಾರ ಯಾವ ವರ್ಷದ ಯಾವ ತಾರೀಖಿನಂದು ಬಂದಿತ್ತು? ಸುಮಾರು ಹದಿನೆಂಟು ಶತಮಾನಗಳಿಂದ ಈ ಲೆಕ್ಕ ನಡೆಯುತ್ತಲೇ ಇದೆ.

ಲೆಕ್ಕದ ಬಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಓದುಗರಿಗೆ ಅಪರಿಚಿತವಲ್ಲ. ಇದೇ ನೆಲದ ಕವಿಯೊಬ್ಬನ ಕಾಲವನ್ನು ವಿದ್ವಾಂಸರು ನಿರ್ಣಯಿಸಿದ್ದೂ ಹೀಗೆಯೇ.

ಮುದುವೊಳಲಿನ ರನ್ನ ತಾನು ಹುಟ್ಟಿದ್ದು ಸೌಮ್ಯ ಸಂವತ್ಸರದಲ್ಲಿ ಎಂದು ಹೇಳಿಕೊಂಡಿದ್ದಾನೆ. ಸಂವತ್ಸರದ ಹೆಸರೊಂದೇ ಇದ್ದರೆ ಪ್ರಯೋಜನ ಅಲ್ಪ, ಏಕೆಂದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಕ್ರಿ.ಶ. 889 ಸೌಮ್ಯ, 949 ಸೌಮ್ಯ, 1009 ಕೂಡ ಸೌಮ್ಯ. ಗಂಟು ಬಿಡಿಸುವುದು 'ಅಜಿತಪುರಾಣ'. ದಾನಚಿಂತಾಮಣಿ ಅತ್ತಿಮಬ್ಬೆ ಬರೆಯಿಸಿದ ಆ ಕಾವ್ಯ ಶಕ 915, ವಿಜಯ ಸಂವತ್ಸರದಲ್ಲಿ, ಅಂದರೆ 993ರಲ್ಲಿ ಮುಗಿಯಿತು. ಶಕವರ್ಷದ ಅಂಕಿಯೂ ಸಂವತ್ಸರದ ಹೆಸರೂ ಒಂದಕ್ಕೊಂದು ತಾಳೆಯಾಗುತ್ತವೆ. 889ನ್ನು ಹಿಡಿದರೆ ಕವಿ 104ರ ವೃದ್ಧನಾಗಬೇಕು; 1009ನ್ನು ಹಿಡಿದರೆ ಕಾವ್ಯ ಬರೆದಾಗ ಇನ್ನೂ ಹುಟ್ಟಿರಲೇ ಇಲ್ಲ. ಹೀಗೆ ಉಳಿಯುವುದು 949 ಒಂದೇ. ಮರುಕಳಿಸುವ ಹೆಸರು ಮತ್ತು ಕದಲದ ಒಂದು ಆಧಾರ, ಇವೆರಡೂ ಸೇರಿದರೆ ಮಾತ್ರ ವರ್ಷ ಸಿಗುತ್ತದೆ.

ಶಿಲುಬೆಯ ದಿನ: ಎರಡು ಶುಕ್ರವಾರಗಳು

ಯೇಸುವಿನ ವಿಷಯದಲ್ಲಿ ಕದಲದ ಆಧಾರವೆಂದರೆ ರೋಮನ್ ಅಧಿಪತಿ ಪೊಂತ್ಯ ಪಿಲಾತ. ಅವನು ಯೂದಾಯವನ್ನು ಆಳಿದ್ದು ಕ್ರಿ.ಶ. 26ರಿಂದ 36ರವರೆಗೆ. ಪಿಲಾತನ ಹೆಸರುಳ್ಳ ಶಿಲಾಶಾಸನವೊಂದು 1961ರಲ್ಲಿ ಕೈಸರೈಯದಲ್ಲಿ ದೊರೆತಿದೆ. ಅವನ ಕಾಲದಲ್ಲಿಯೇ ಮರಣದಂಡನೆಯಾಯಿತೆಂದು ನಾಲ್ಕೂ ಸುವಾರ್ತೆಗಳಲ್ಲದೆ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕೂಡ ಬರೆದಿದ್ದಾನೆ. ಲೂಕನ ಪ್ರಕಾರ ಸ್ನಾನಿಕ ಯೋಹಾನನ ಬೋಧನೆ ಆರಂಭವಾದದ್ದು ಚಕ್ರವರ್ತಿ ತಿಬೇರಿಯನ 15ನೆಯ ವರ್ಷದಲ್ಲಿ. ಅದು 28 ಅಥವಾ 29ಕ್ಕೆ ಸಮ. ಹೀಗಾಗಿ ಹುಡುಕಬೇಕಾದ ಅವಧಿ ಇನ್ನಷ್ಟು ಕಿರಿದಾಗುತ್ತದೆ.

ಮರುಕಳಿಸುವ ಗುರುತು ಯೆಹೂದ್ಯರ ಪಸ್ಕ ಹಬ್ಬ. ಅದು ವಸಂತದ ನಿಸಾನ್ ಮಾಸದ ಹುಣ್ಣಿಮೆಗೆ ಬರುವ ಹಬ್ಬ. ಮರಣವಾದದ್ದು ಶುಕ್ರವಾರ ಎಂಬಲ್ಲಿ ಸುವಾರ್ತೆಗಳಿಗೆ ಒಮ್ಮತವಿದೆ. ತಿಥಿಯಲ್ಲಿ ಮಾತ್ರ ಭೇದ: ಮತ್ತಾಯ, ಮಾರ್ಕ, ಲೂಕರ ಪ್ರಕಾರ ಪಸ್ಕದ ಊಟ ಮುಗಿದ ಮರುದಿನ, ಅಂದರೆ ನಿಸಾನ್ 15, ಯೋಹಾನನ ಪ್ರಕಾರ ಊಟಕ್ಕೆ ಮುನ್ನ, ನಿಸಾನ್ 14. ನಿಸಾನ್ 14 ಶುಕ್ರವಾರಕ್ಕೆ ಬಿದ್ದ ವರ್ಷಗಳನ್ನು ಪಿಲಾತನ ಅವಧಿಯಲ್ಲಿ ಹುಡುಕಿದರೆ ಮುಖ್ಯವಾಗಿ ಎರಡು ದಿನ ಕೈಗೆ ಸಿಗುತ್ತವೆ. ಒಂದು 30ರ ಏಪ್ರಿಲ್ 7, ಇನ್ನೊಂದು 33ರ ಏಪ್ರಿಲ್ 3. ಇಂದಿನ ಬಹುತೇಕ ವಿದ್ವಾಂಸರು ನಿಲ್ಲುವುದು ಇವೆರಡರಲ್ಲಿ ಒಂದರ ಬಳಿ.

ಆದರೆ ಇಲ್ಲಿಯೂ ಒಂದು ತೊಡಕಿದೆ. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಸೂರ್ಯ ಸಂಕ್ರಮಣದ ಗಣಿತದಿಂದ ನಿರ್ಧಾರವಾಗುತ್ತದೆ. ಅಂದಿನ ಯೆರೂಸಲೇಮಿನಲ್ಲಿ ಹಾಗಿರಲಿಲ್ಲ. ಪಡುವಣದಲ್ಲಿ ಎಳೆಚಂದ್ರನನ್ನು ಕಣ್ಣಾರೆ ಕಂಡವರ ಸಾಕ್ಷ್ಯದ ಮೇಲೆ ತಿಂಗಳು ಆರಂಭವಾಗುತ್ತಿತ್ತು. ಬಾರ್ಲಿ ಬೆಳೆ ಇನ್ನೂ ಮಾಗದಿದ್ದರೆ ಒಂದು ಮಾಸ ಹೆಚ್ಚಿಸಲಾಗುತ್ತಿತ್ತು. ಮೋಡ ಕವಿದರೆ ತಿಥಿ ಒಂದು ದಿನ ಜಾರಬಹುದು. ಎರಡು ಸಾವಿರ ವರ್ಷಗಳ ಹಿಂದಿನ ಮೋಡವನ್ನು ಯಾವ ಗಣಕಯಂತ್ರವೂ ಲೆಕ್ಕ ಹಾಕಲಾರದು. ಐಸಾಕ್ ನ್ಯೂಟನ್‌ನಂತಹ ಗಣಿತಜ್ಞನೇ 34ರ ಏಪ್ರಿಲ್ 23ನ್ನು ಆರಿಸಿಕೊಂಡಿದ್ದ. ದಾನಿಯೇಲನ ಪ್ರವಾದನೆಯನ್ನು ಕುರಿತ ಅವನ ಆ ಕೃತಿ ಪ್ರಕಟವಾದದ್ದು ಮರಣಾನಂತರ, 1733ರಲ್ಲಿ.

ದಾನಿಯೇಲನ ಎಪ್ಪತ್ತು ವಾರ

ಪಂಚಾಂಗ ಬಿಟ್ಟು ಪ್ರವಾದನೆಯಿಂದಲೇ ವರ್ಷ ತೆಗೆಯುವವರ ಪರಂಪರೆ ಬೇರೆಯೇ ಇದೆ. ಹಳೆಯ ಒಡಂಬಡಿಕೆಯ ದಾನಿಯೇಲನ ಗ್ರಂಥದ 9ನೆಯ ಅಧ್ಯಾಯದಲ್ಲಿ 'ಎಪ್ಪತ್ತು ವಾರ'ಗಳ ಮಾತು ಬರುತ್ತದೆ. ಒಂದು ದಿನಕ್ಕೆ ಒಂದು ವರ್ಷವೆಂದರೆ ಅದು 490 ವರ್ಷ. ಯೆರೂಸಲೇಮನ್ನು ಮರಳಿ ಕಟ್ಟುವ ಅಪ್ಪಣೆಯಿಂದ 69 ವಾರ, ಎಂದರೆ 483 ವರ್ಷ ಕಳೆದಾಗ ಅಭಿಷಿಕ್ತನು ಬರುತ್ತಾನೆಂಬುದು ಇವರ ವಾದ.

ಅಪ್ಪಣೆ ಯಾವುದು? ಪರ್ಷಿಯದ ಅರಸರು ಕೊಟ್ಟದ್ದು ಒಂದೇ ಅಲ್ಲ. ಅರ್ತಷಸ್ತನ ಕ್ರಿ.ಪೂ. 457ರ ಆಜ್ಞೆಯಿಂದ ಎಣಿಸಿದ ಅಡ್ವೆಂಟಿಸ್ಟರಿಗೆ 483 ವರ್ಷ ಮುಗಿಯುವುದು ಕ್ರಿ.ಶ. 27ರಲ್ಲಿ, ಶಿಲುಬೆಯ ಮರಣ 31ರಲ್ಲಿ. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್‌ನ ಅಧಿಕಾರಿಯಾಗಿದ್ದ ರಾಬರ್ಟ್ ಆಂಡರ್ಸನ್ ಕ್ರಿ.ಪೂ. 445ರ ಮಾರ್ಚ್ 14ರಿಂದ ಎಣಿಸಿದ. ವರ್ಷಕ್ಕೆ 365 ದಿನದ ಬದಲು 360 ದಿನ ಹಿಡಿದು, 1,73,880 ದಿನ ದಾಟಿ, ಕ್ರಿ.ಶ. 32ರ ಏಪ್ರಿಲ್ 6ಕ್ಕೆ ಯೇಸುವನ್ನು ಯೆರೂಸಲೇಮಿಗೆ ಪ್ರವೇಶ ಮಾಡಿಸಿದ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ 32ರಲ್ಲಿ ನಿಸಾನ್ ಹುಣ್ಣಿಮೆ ಶುಕ್ರವಾರಕ್ಕೆ ಬರಲೇ ಇಲ್ಲ. ಮುಂದೆ ಹೆರಾಲ್ಡ್ ಹೋನರ್ ಎಂಬ ಅಮೆರಿಕದ ವಿದ್ವಾಂಸರು ಅದೇ 1,73,880 ದಿನಗಳನ್ನು ಕ್ರಿ.ಪೂ. 444ರಿಂದ ಎಣಿಸಿ 33ಕ್ಕೆ ತಂದು ನಿಲ್ಲಿಸಿದರು. ತಲುಪಬೇಕಾದ ವರ್ಷ ಮೊದಲೇ ಗೊತ್ತಿದ್ದರೆ ಹೊರಡುವ ವರ್ಷವನ್ನು ಹೊಂದಿಸಿಕೊಳ್ಳುವುದು ಕಷ್ಟವಲ್ಲ ಎಂಬ ಅನುಮಾನ ಇಲ್ಲಿ ಸಹಜ.

ಬಾಗಲಕೋಟೆ ಜಿಲ್ಲೆಯವರಿಗೆ ಇದಕ್ಕೊಂದು ಹತ್ತಿರದ ನಿದರ್ಶನ ಐಹೊಳೆಯಲ್ಲಿದೆ. ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿ ಮೇಗುತಿ ಬಸದಿಯ ಶಾಸನದಲ್ಲಿ ಭಾರತ ಯುದ್ಧದಿಂದ 3735 ವರ್ಷ, ಶಕರಾಜರ ಕಾಲದಿಂದ 556 ವರ್ಷ ಎಂದು ಎರಡು ಲೆಕ್ಕ ಕೊಟ್ಟಿದ್ದಾನೆ. ಎರಡೂ 634-35ಕ್ಕೆ ಬಂದು ಕೂಡುತ್ತವೆ. ಶಾಸನದ ಕಾಲಕ್ಕೆ ಇದಕ್ಕಿಂತ ಗಟ್ಟಿ ಪ್ರಮಾಣ ಬೇಕಿಲ್ಲ. ಯುದ್ಧ ನಿಜಕ್ಕೂ ಕ್ರಿ.ಪೂ. 3102ರ ಸುಮಾರಿಗೆ ನಡೆಯಿತೆಂಬುದಕ್ಕೆ ಮಾತ್ರ ಅದು ಪ್ರಮಾಣವಾಗದು. ಏಕೆಂದರೆ ಕಲಿಯುಗದ ಆರಂಭವನ್ನು ಜ್ಯೋತಿಷಿಗಳು ಹಿಂದಕ್ಕೆ ಗಣಿಸಿ ನಿಗದಿಪಡಿಸಿದ್ದರು ಎಂಬುದು ಇತಿಹಾಸಕಾರರ ಅಭಿಪ್ರಾಯ. ಕ್ರಿಸ್ತಶಕದ ಕಥೆಯೂ ಭಿನ್ನವಲ್ಲ. 525ರಲ್ಲಿ ಅದನ್ನು ರೂಪಿಸಿದ ಸನ್ಯಾಸಿ ಡಯೋನೀಸಿಯಸ್‌ನ ಲೆಕ್ಕದಲ್ಲಿ ಯೇಸು ಹುಟ್ಟುವ ಹೊತ್ತಿಗೆ ಹೆರೋದ ಅರಸ ತೀರಿಕೊಂಡು ಸುಮಾರು ನಾಲ್ಕು ವರ್ಷ ಆಗಿಹೋಗುತ್ತದೆ. ಸುವಾರ್ತೆಯ ಪ್ರಕಾರವಾದರೋ ಹೆರೋದ ಆಗ ಬದುಕಿದ್ದ.

ಗ್ರಹಣದ ಸಾಕ್ಷಿ

ಶಿಲುಬೆಯ ಹೊತ್ತಿಗೆ ಮೂರು ತಾಸು ಕತ್ತಲೆ ಕವಿಯಿತೆಂಬ ಸುವಾರ್ತೆಯ ಮಾತನ್ನು ಸೂರ್ಯಗ್ರಹಣವೆಂದು ವಿವರಿಸಲು ಕೆಲವರು ಯತ್ನಿಸಿದ್ದುಂಟು. ಅದು ಆಗದ ಮಾತು. ಸೂರ್ಯಗ್ರಹಣ ಅಮಾವಾಸ್ಯೆಗಲ್ಲದೆ ಹುಣ್ಣಿಮೆಗೆ ಸಂಭವಿಸದು; ಖಗ್ರಾಸವೂ ಎಂಟು ನಿಮಿಷ ಮೀರದು. ಚಂದ್ರಗ್ರಹಣದ ವಾದಕ್ಕೆ ಇದಕ್ಕಿಂತ ತೂಕವಿದೆ. 33ರ ಏಪ್ರಿಲ್ 3ರ ಸಂಜೆ ಯೆರೂಸಲೇಮಿನಲ್ಲಿ ಚಂದ್ರ ಗ್ರಹಣ ಹಿಡಿದೇ ಮೂಡಿದನೆಂದು ಆಕ್ಸ್‌ಫರ್ಡ್‌ನ ಕಾಲಿನ್ ಹಂಫ್ರೀಸ್ ಮತ್ತು ವ್ಯಾಡಿಂಗ್‌ಟನ್ 1983ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಚಂದ್ರನು ರಕ್ತವಾಗುವನೆಂಬ ಯೋವೇಲನ ಪ್ರವಾದನೆಯನ್ನು ಪೇತ್ರನು ಉಲ್ಲೇಖಿಸಿದ್ದು ಇದನ್ನು ಕಂಡೇ ಎಂಬುದು ಅವರ ಊಹೆ. ಭಾಗಶಃ ಗ್ರಹಣ, ಅದೂ ಮುಗಿಯುವ ಹಂತದಲ್ಲಿ; ಸಂಜೆಯ ಬೆಳಕಿನಲ್ಲಿ ಬರಿಗಣ್ಣಿಗೆ ಆ ಕೆಂಪು ಕಂಡಿರಲಾರದೆಂದು ಖಗೋಳಜ್ಞ ಬ್ರಾಡ್ಲಿ ಶೇಫರ್ 1990ರಲ್ಲಿ ಆಕ್ಷೇಪಿಸಿದರು. ವಾದ ಅಲ್ಲಿಗೇ ನಿಂತಿದೆ.

ಪೋಪ್ ಫ್ರಾನ್ಸಿಸ್ 2024ರ ಆಜ್ಞಾಪತ್ರದಲ್ಲಿ ವಿಮೋಚನೆಯ 2000ನೆಯ ವರ್ಷವೆಂದು 2033ನ್ನು ಹೆಸರಿಸಿದ್ದರು. 30ನ್ನು ನಂಬುವವರಿಗೆ ಆ ವರ್ಷ 2030ರಲ್ಲಿಯೇ ಬರಲಿದೆ. 2033ರಲ್ಲಿ ಶುಭ ಶುಕ್ರವಾರ ಬೀಳುವುದು ಏಪ್ರಿಲ್ 15ಕ್ಕೆ. ಗುರುವಾರ ರಾತ್ರಿ ಕಳೆದು ಶುಕ್ರವಾರ ಹುಟ್ಟುವ ನಡುರಾತ್ರಿ, ಸುಮಾರು 12.45ಕ್ಕೆ, ಭಾರತದಲ್ಲಿಯೂ ಕಾಣುವ ಖಗ್ರಾಸ ಚಂದ್ರಗ್ರಹಣ ಪೂರ್ಣಾವಸ್ಥೆಯಲ್ಲಿರುತ್ತದೆ.