ಮಲೆನಾಡಿನ ಚಾರಣಕ್ಕೆ ದ್ರವ ಇಂಧನದ ಸ್ಟೌವ್: ಆಯ್ಕೆ, ಬಳಕೆ, ಎಚ್ಚರಿಕೆ

ಕೊಪ್ಪ: ವಾರಾಂತ್ಯ ಬಂತೆಂದರೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಿಂದ ಬೆನ್ನುಚೀಲ ಹೊತ್ತ ಯುವಜನರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳತ್ತ ಮುಖ ಮಾಡುತ್ತಾರೆ. ಶೃಂಗೇರಿ ತಾಲ್ಲೂಕಿನ ಕಿಗ್ಗದ ಕಡೆಯಿಂದ ಏರುವ ನರಸಿಂಹ ಪರ್ವತ, ಕೊಪ್ಪ ತಾಲ್ಲೂಕಿನ ಮೇರುತಿ ಗುಡ್ಡ, ನರಸಿಂಹರಾಜಪುರದ ಭದ್ರಾ ಹಿನ್ನೀರಿನ ತೀರ ಇವರನ್ನು ಸೆಳೆಯುವ ತಾಣಗಳು. ಇವರಲ್ಲಿ ಅನೇಕರ ಚೀಲದಲ್ಲಿ ಚಹಾ ಕಾಯಿಸಲು, ಅನ್ನ ಬೇಯಿಸಲು ಪುಟ್ಟದೊಂದು ಸ್ಟೌವ್ ಇರುತ್ತದೆ. ಯಾವ ಸ್ಟೌವ್ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಅದಕ್ಕೆ ಯಾವ ಇಂಧನ, ಅದನ್ನು ಎಲ್ಲಿ ಉರಿಸಬಹುದು ಎಂಬ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ವಾಸ್ತವದಲ್ಲಿ ಸ್ಟೌವ್‌ನ ಆಯ್ಕೆ ಆರಂಭವಾಗಬೇಕಾದುದೇ ಈ ಎರಡು ಪ್ರಶ್ನೆಗಳಿಂದ.

ಕಟ್ಟಿಗೆ ಏಕೆ ಬೇಡ?

ಮೂರು ಕಲ್ಲು ಜೋಡಿಸಿ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುವುದು ಹಿಂದಿನ ಪದ್ಧತಿ. ಮಲೆನಾಡಿನಲ್ಲಿ ಇದಕ್ಕೆ ಮೂರು ಅಡ್ಡಿಗಳಿವೆ. ಮೊದಲನೆಯದು ಮಳೆ. ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಒಣ ಕಟ್ಟಿಗೆ ಸಿಗುವುದು ಮನೆಯ ಅಟ್ಟದ ಮೇಲೆ ಮಾತ್ರ.

ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗವು ಉಣ್ಣೆಗಳ ಕಡಿತದಿಂದ ಹರಡುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲೂ ಇದರ ಹಾವಳಿಯಿದೆ. ಮಳೆ ನಿಂತ ಮೇಲೆ, ಮುಖ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಕಟ್ಟಿಗೆ ಒಣಗಿರುವ ಕಾಲದಲ್ಲೇ, ರೋಗ ಕಾಣಿಸಿಕೊಳ್ಳುತ್ತದೆ. ದರಗು, ಪುರಳೆ ಆಯಲು ತರಗೆಲೆಗಳ ನಡುವೆ ಓಡಾಡುವವರಿಗೆ ಉಣ್ಣೆ ಹತ್ತುವ ಸಾಧ್ಯತೆ ಹೆಚ್ಚು.

ಮೂರನೆಯದು ಕಾನೂನು. ಇದನ್ನು ಮುಂದೆ ವಿವರಿಸಲಾಗಿದೆ.

ಒಂದು ಶತಮಾನದ ಹಿನ್ನೆಲೆ

ದ್ರವ ಇಂಧನದ ಸ್ಟೌವ್ ಕನ್ನಡಿಗರಿಗೆ ಹೊಸದಲ್ಲ. ಅಡುಗೆ ಅನಿಲ ಮನೆಮನೆಗೆ ಬರುವ ಮುನ್ನ ಪೇಟೆಯ ಅಡುಗೆಮನೆಗಳಲ್ಲಿ ಭೋರೆಂದು ಸದ್ದು ಮಾಡುತ್ತಿದ್ದ ಹಿತ್ತಾಳೆಯ ಪಂಪ್ ಸ್ಟೌವ್, ಅದರ ತೂತು ಬಿಡಿಸುವ ತಗಡಿನ ಪಿನ್ನು ಹಿರಿಯರ ನೆನಪಿನಲ್ಲಿ ಈಗಲೂ ಇವೆ. ಇದರ ಮೂಲ ಸ್ವೀಡನ್ ದೇಶದ್ದು. ಅಲ್ಲಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ಮಸಿಯಿಲ್ಲದೆ ಉರಿಯುವ ಸೀಮೆಎಣ್ಣೆ ಸ್ಟೌವ್ ರೂಪಿಸಿದರು. ‘ಪ್ರೈಮಸ್’ ಹೆಸರಿನ ಈ ಸ್ಟೌವ್ 1911ರಲ್ಲಿ ರೊವಾಲ್ಡ್ ಅಮುಂಡ್ಸೆನ್ ತಂಡದೊಂದಿಗೆ ದಕ್ಷಿಣ ಧ್ರುವಕ್ಕೂ, 1953ರಲ್ಲಿ ಎವರೆಸ್ಟ್ ಆರೋಹಣ ತಂಡದೊಂದಿಗೆ ಹಿಮಾಲಯಕ್ಕೂ ಪಯಣಿಸಿತು.

1970ರ ದಶಕದಲ್ಲಿ ಅಮೆರಿಕದ ಎಂಎಸ್‌ಆರ್ ಸಂಸ್ಥೆಯು ಇಂಧನದ ಬಾಟಲಿಯನ್ನೇ ತೊಟ್ಟಿಯಾಗಿಸಿ, ಅದನ್ನು ಬರ್ನರ್‌ನಿಂದ ದೂರವಿಡುವ ವಿನ್ಯಾಸವನ್ನು ತಂದಿತು. ಇಂದಿನ ಚಾರಣ ಸ್ಟೌವ್‌ಗಳಲ್ಲಿ ಬಹುಪಾಲು ಇದೇ ಮಾದರಿಯವು. ಎಂಎಸ್‌ಆರ್‌ನ ವಿಸ್ಪರ್‌ಲೈಟ್ ಇಂಟರ್‌ನ್ಯಾಷನಲ್, ಪ್ರೈಮಸ್‌ನ ಓಮ್ನಿಫ್ಯೂಯೆಲ್, ಆಪ್ಟಿಮಸ್‌ನ ನೋವಾ ಇವುಗಳಲ್ಲಿ ಹೆಸರುವಾಸಿಯಾದವು. ಬಾಟಲಿ ಬಿಟ್ಟು ಇವುಗಳ ತೂಕ ಸುಮಾರು 300ರಿಂದ 450 ಗ್ರಾಂ. ಹಳೆಯ ಹಿತ್ತಾಳೆ ಸ್ಟೌವ್ ಒಂದು ಕಿಲೋಗ್ರಾಂ ಮೀರುತ್ತದೆ.

ಕೆಲಸ ಮಾಡುವ ಬಗೆ

ಬತ್ತಿ ಸ್ಟೌವ್‌ನಲ್ಲಿ ಎಣ್ಣೆ ಬತ್ತಿಯ ಮೂಲಕ ತಾನಾಗಿ ಮೇಲೇರಿ ಉರಿಯುತ್ತದೆ. ಪಂಪ್ ಸ್ಟೌವ್‌ನ ಕ್ರಮ ಬೇರೆ. ಪಂಪಿನಿಂದ ತುಂಬಿದ ಗಾಳಿಯ ಒತ್ತಡ ಇಂಧನವನ್ನು ಕೊಳವೆಗೆ ನೂಕುತ್ತದೆ. ಜ್ವಾಲೆಯ ಪಕ್ಕದಲ್ಲೇ ಹಾಯುವ ಕೊಳವೆ ಕಾದು, ಇಂಧನ ಆವಿಯಾಗುತ್ತದೆ. ಆ ಆವಿ ‘ಜೆಟ್’ ಎಂಬ ಸೂಜಿಮೊನೆಯಷ್ಟು ಚಿಕ್ಕ ರಂಧ್ರದಿಂದ ಹೊರಚಿಮ್ಮಿ, ಗಾಳಿಯೊಂದಿಗೆ ಬೆರೆತು ನೀಲಿ ಜ್ವಾಲೆಯಾಗಿ ಉರಿಯುತ್ತದೆ. ಕೊಳವೆ ಕಾಯದಿದ್ದರೆ ಆವಿಯ ಬದಲು ದ್ರವವೇ ಚಿಮ್ಮಿ ಹಳದಿ ಜ್ವಾಲೆ ಮೇಲೇಳುತ್ತದೆ. ಇಂಥ ಸ್ಟೌವ್‌ಗಳ ಬಳಕೆಯಲ್ಲಿ ಆಗುವ ಸುಟ್ಟಗಾಯಗಳಿಗೆ ಒಂದು ಮುಖ್ಯ ಕಾರಣ ಈ ಆತುರವೇ.

ಯಾವ ಇಂಧನ?

ಪಾಶ್ಚಾತ್ಯ ಕೈಪಿಡಿಗಳು ಶಿಫಾರಸು ಮಾಡುವ ‘ವೈಟ್ ಗ್ಯಾಸ್’ ಎಂಬ ಶುದ್ಧೀಕೃತ ನ್ಯಾಫ್ತಾ ನಮ್ಮ ಪೇಟೆಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಉಳಿಯುವುದು ಸೀಮೆಎಣ್ಣೆ, ಪೆಟ್ರೋಲ್ ಮತ್ತು ಸ್ಪಿರಿಟ್.

ಸೀಮೆಎಣ್ಣೆ ಸಾಮಾನ್ಯ ಉಷ್ಣತೆಯಲ್ಲಿ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಅದರ ಆವಿ ಕಿಡಿಗೆ ಹೊತ್ತಿಕೊಳ್ಳಲು ಎಣ್ಣೆ 35 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಿಸಿಯಾಗಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಚೆಲ್ಲಿದ ಸೀಮೆಎಣ್ಣೆಯನ್ನು ಒರೆಸಿ ಮುಂದುವರಿಯಬಹುದು. ಚೆಲ್ಲಿದ ಪೆಟ್ರೋಲ್ ಬಳಿ ಕಡ್ಡಿ ಗೀರುವಂತಿಲ್ಲ. ಆದ್ದರಿಂದ ಹೊಸಬರಿಗೆ ಸೀಮೆಎಣ್ಣೆಯೇ ಲೇಸು. ಕಮಟು ವಾಸನೆ, ಆರಂಭದ ಮಸಿ ಇದರ ದೋಷಗಳು. ಹಿಂದೆ ಪಡಿತರದಲ್ಲಿ ಸುಲಭವಾಗಿ ಸಿಗುತ್ತಿದ್ದ ಸೀಮೆಎಣ್ಣೆ ಅಡುಗೆ ಅನಿಲ ವ್ಯಾಪಿಸಿದ ಬಳಿಕ ವಿರಳವಾಗಿದೆ. ನೀಲಿ ಬಣ್ಣ ಬೆರೆಸಿದ ಎಣ್ಣೆ ಪಡಿತರದ್ದು. ಅದನ್ನು ಅನ್ಯರು ಕೊಳ್ಳುವುದು ಸಲ್ಲದು. ಮುಕ್ತ ಮಾರುಕಟ್ಟೆಯ ಬಿಳಿ ಸೀಮೆಎಣ್ಣೆ ಎಲ್ಲಿ ದೊರೆಯುತ್ತದೆಂದು ಹೊರಡುವ ಮೊದಲೇ ವಿಚಾರಿಸಬೇಕು.

ಪೆಟ್ರೋಲ್ ಎಲ್ಲೆಡೆ ಸಿಗುತ್ತದೆ. ಆದರೆ ಅದು ವಾಹನಗಳಿಗೆಂದು ತಯಾರಾದದ್ದು. ಅದರಲ್ಲಿನ ಸೇರ್ಪಡೆಗಳು ಜೆಟ್‌ನಲ್ಲಿ ಕಟ್ಟಿಕೊಳ್ಳುತ್ತವೆ. 2025ರಲ್ಲಿ ದೇಶದಾದ್ಯಂತ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಜಾರಿಗೆ ಬಂದಿದ್ದು, ಎಥನಾಲ್ ತೇವ ಹೀರಿಕೊಳ್ಳುವ ಗುಣವುಳ್ಳದ್ದು. ಕೆಲವು ಬಗೆಯ ರಬ್ಬರ್ ಬಳೆಗಳಿಗೂ ಹಾನಿಕರ. ಬೇರೆ ದಾರಿಯಿಲ್ಲದಾಗ ಮಾತ್ರ ಪೆಟ್ರೋಲ್ ಬಳಸುವುದು ಉಚಿತ.

ಸ್ಪಿರಿಟ್ ಸ್ಟೌವ್ ಅತಿ ಹಗುರ, ಬಿಡಿಭಾಗಗಳ ರಗಳೆಯಿಲ್ಲ. ಆದರೆ ಸ್ಪಿರಿಟ್‌ನ ಶಾಖ ಸೀಮೆಎಣ್ಣೆಯ ಮೂರನೇ ಎರಡು ಭಾಗಕ್ಕಿಂತ ಹೆಚ್ಚಿಲ್ಲ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆಯೆಂದು ಭಾವಿಸಿ ಮೇಲಿನಿಂದ ಮತ್ತೆ ಸ್ಪಿರಿಟ್ ಸುರಿಯುವುದು ಅತ್ಯಂತ ಅಪಾಯಕರ. ಜ್ವಾಲೆ ಬಾಟಲಿಗೇ ಹಾರುತ್ತದೆ.

ಯಾವುದೇ ಕಾರಣಕ್ಕೂ ಸೀಮೆಎಣ್ಣೆಗೆ ಪೆಟ್ರೋಲ್ ಬೆರೆಸಬಾರದು. ಸೀಮೆಎಣ್ಣೆಗೆಂದೇ ತಯಾರಾದ ಹಿತ್ತಾಳೆ ಸ್ಟೌವ್‌ನಲ್ಲಿ ಪೆಟ್ರೋಲ್ ಬಳಸಬಾರದು. ಅದರ ತೊಟ್ಟಿ ಬರ್ನರ್‌ನ ಕೆಳಗೇ ಇರುವುದರಿಂದ ಕಾದು ಸಿಡಿಯುವ ಸಂಭವವಿದೆ.

ಎಷ್ಟು ಬೇಕು?

ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಸುಮಾರು 314 ಕಿಲೋಜೌಲ್ ಶಾಖ ಬೇಕು. ಅರ್ಧದಷ್ಟು ಶಾಖ ಗಾಳಿಯ ಪಾಲಾಗುವುದೆಂದು ಲೆಕ್ಕ ಹಿಡಿದರೆ 20 ಮಿಲಿಲೀಟರ್ ಸೀಮೆಎಣ್ಣೆ ಸಾಕು. ಇಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕುದಿಸಿ, ಅನ್ನ ಬೇಯಿಸಲು ಇನ್ನಷ್ಟು ಸೇರಿಸಿದರೂ 150 ಮಿಲಿಲೀಟರ್ ಮೀರದು. ಎರಡು ದಿನಗಳ ಪ್ರವಾಸಕ್ಕೆ ಅರ್ಧ ಲೀಟರಿನ ಆಸುಪಾಸಿನ ಒಂದು ಬಾಟಲಿ ಧಾರಾಳವಾಯಿತು. ಪಾತ್ರೆಗೆ ಮುಚ್ಚಳ ಹಾಕುವುದು, ಸುತ್ತ ಗಾಳಿತಡೆ ಇಡುವುದು ಇಂಧನ ಉಳಿಸುವ ಸುಲಭ ಉಪಾಯಗಳು.

ಎತ್ತರ ಹೆಚ್ಚಿದಂತೆ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಸುಮಾರು 1,150 ಮೀಟರ್ ಎತ್ತರದಲ್ಲಿ ಇದು 96 ಡಿಗ್ರಿ. ಅಕ್ಕಿ, ಬೇಳೆ ಬೇಯಲು ಕೊಂಚ ಹೆಚ್ಚು ಹೊತ್ತು ಹಿಡಿಯುತ್ತದೆ. ಹಳ್ಳದ ನೀರನ್ನು ಕುಡಿಯುವುದಾದರೆ 2,000 ಮೀಟರಿನೊಳಗೆ ಒಂದು ನಿಮಿಷ ಕೊತಕೊತ ಕುದಿಸಿದರೆ ಸಾಕು. ಕರ್ನಾಟಕದ ಯಾವ ಶಿಖರವೂ ಆ ಎತ್ತರವನ್ನು ಮುಟ್ಟುವುದಿಲ್ಲ.

ಕೊಳ್ಳುವಾಗ ನೋಡಬೇಕಾದುದು

ಸ್ಟೌವ್ ಯಾವ ಇಂಧನಗಳಿಗೆ ಒಪ್ಪುತ್ತದೆ, ಅವಕ್ಕೆ ತಕ್ಕ ಜೆಟ್‌ಗಳು ಜೊತೆಗಿವೆಯೇ ಎಂದು ನೋಡಬೇಕು. ಪೆಟ್ರೋಲ್‌ಗೆ ಮತ್ತು ಸೀಮೆಎಣ್ಣೆಗೆ ಬೇರೆ ಬೇರೆ ಜೆಟ್ ಬೇಕಾಗುವ ಮಾದರಿಗಳೇ ಹೆಚ್ಚು. ಕಾಲುಗಳು ಅಗಲವಾಗಿ ಚಾಚಿ ಪಾತ್ರೆ ಓಲಾಡದಂತಿರಬೇಕು. ಉರಿ ತಗ್ಗಿಸುವ ಸೌಲಭ್ಯ ಎಲ್ಲ ಮಾದರಿಗಳಲ್ಲಿ ಒಂದೇ ತೆರನಾಗಿಲ್ಲ. ಅನ್ನ ಸಾರು ಬಯಸುವವರು ಇದನ್ನು ಪರೀಕ್ಷಿಸಿಯೇ ಕೊಳ್ಳಬೇಕು. ಬಿಡಿ ರಬ್ಬರ್ ಬಳೆ, ಪಂಪಿನ ವಾಷರ್, ಜೆಟ್ ಶುಚಿಗೊಳಿಸುವ ತಂತಿ ಇರುವ ಪೊಟ್ಟಣ ಕಡ್ಡಾಯ. ಇಂಧನಕ್ಕೆ ತಯಾರಕರು ಸೂಚಿಸಿದ ಲೋಹದ ಬಾಟಲಿಯನ್ನೇ ಬಳಸಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಇಂಧನ ತುಂಬುವುದು ಜೀವಕ್ಕೆ ಎರವಾದೀತು.

ಹಚ್ಚುವ ಕ್ರಮ

ಬಾಟಲಿಯನ್ನು ಗುರುತಿನ ಗೆರೆಯವರೆಗೆ ಮಾತ್ರ ತುಂಬಿ, ಮೇಲೆ ಗಾಳಿಗೆ ಜಾಗ ಬಿಡಬೇಕು. ಪಂಪ್ ಜೋಡಿಸಿ, ಕೈಪಿಡಿಯಲ್ಲಿ ಹೇಳಿರುವಷ್ಟು ಬಾರಿ ಒತ್ತಿ, ಸಂದುಗಳಲ್ಲಿ ಸೋರಿಕೆಯಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಬರ್ನರ್‌ನ ಕೆಳಗಿನ ಬಟ್ಟಲಿಗೆ ಒಂದು ಚಮಚೆ ಸ್ಪಿರಿಟ್ ಹಾಕಿ ಹಚ್ಚಬೇಕು. ಆ ಜ್ವಾಲೆ ಇನ್ನೇನು ಆರುವುದರಲ್ಲಿದೆ ಎನ್ನುವಾಗ ಕವಾಟವನ್ನು ತುಸು ತಿರುಗಿಸಬೇಕು. ನೀಲಿ ಜ್ವಾಲೆ ಬಂದರೆ ಕ್ರಮ ಸರಿಯಾಗಿದೆ. ಹಳದಿ ಜ್ವಾಲೆ ಎದ್ದರೆ ಕೂಡಲೇ ಕವಾಟ ಮುಚ್ಚಿ, ಪೂರ್ತಿ ಆರಿ ತಣಿದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಹಚ್ಚುವಾಗ ಮುಖವನ್ನು ಸ್ಟೌವ್‌ನ ಮೇಲೆ ಬಾಗಿಸಕೂಡದು; ನೈಲಾನ್ ಮಳೆಯಂಗಿ ಧರಿಸಿರಬಾರದು. ಗಾಳಿತಡೆಯು ಇಂಧನದ ಬಾಟಲಿಯನ್ನು ಸುತ್ತುವರಿಯಬಾರದು.

ಪಂಪಿನ ಚರ್ಮದ ವಾಷರ್ ಒಣಗಿದರೆ ಒತ್ತಡ ನಿಲ್ಲುವುದಿಲ್ಲ. ಎರಡು ಹನಿ ಎಣ್ಣೆ ಬಿಟ್ಟು ಮೃದುಗೊಳಿಸಿದರೆ ಸರಿಹೋಗುತ್ತದೆ. ಹೊಸ ಸ್ಟೌವ್‌ನ್ನು ಮನೆಯ ಅಂಗಳದಲ್ಲಿ ನಾಲ್ಕೈದು ಬಾರಿ ಹಚ್ಚಿ ಆರಿಸಿ ಅಭ್ಯಾಸವಾದ ಮೇಲೆಯೇ ಚೀಲಕ್ಕೆ ಸೇರಿಸಬೇಕು.

ಡೇರೆಯೊಳಗೆ ಬೇಡ

ಮಳೆ ಹಿಡಿದಾಗ ಸ್ಟೌವ್‌ನ್ನು ಡೇರೆಯೊಳಗೆ ತರುವ ಮನಸ್ಸಾಗುವುದು ಸಹಜ. ಇದು ಪ್ರಾಣಾಪಾಯದ ಕೆಲಸ. ಡೇರೆಯ ಬಟ್ಟೆ ಕ್ಷಣಾರ್ಧದಲ್ಲಿ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಅದಕ್ಕಿಂತ ಮಿಗಿಲಾಗಿ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ನಿದ್ದೆಯಲ್ಲೇ ಜೀವ ತೆಗೆಯಬಲ್ಲದು. ಕಿಟಕಿ ಮುಚ್ಚಿದ ಹೋಂಸ್ಟೇ ಕೊಠಡಿಗೂ ಇದೇ ಮಾತು ಅನ್ವಯ. ನಾಲ್ಕೂ ಕಡೆ ಗಾಳಿಯಾಡುವ ಜಗಲಿ ಅಥವಾ ತಗಡಿನ ಚಪ್ಪರವೇ ಸೂಕ್ತ.

ಎಣ್ಣೆಗೆ ಹತ್ತಿದ ಬೆಂಕಿಗೆ ನೀರು ಎರಚಬಾರದು. ಮಣ್ಣು ಅಥವಾ ಒದ್ದೆ ಕಂಬಳಿಯಿಂದ ಮುಚ್ಚಬೇಕು. ಸುಟ್ಟಗಾಯವನ್ನು 20 ನಿಮಿಷ ತಣ್ಣೀರಿನ ಧಾರೆಗೆ ಒಡ್ಡಬೇಕು. ತುಪ್ಪ, ಟೂತ್‌ಪೇಸ್ಟ್, ಶಾಯಿ ಹಚ್ಚಬಾರದು. ಯಾರಾದರೂ ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಬಾರದು, ಏಕೆಂದರೆ ಅದು ಶ್ವಾಸಕೋಶಕ್ಕೆ ಇಳಿದು ಇನ್ನಷ್ಟು ಹಾನಿ ಮಾಡುತ್ತದೆ. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ಸಾಗಣೆಯ ನಿಯಮ

ಈ ಮೂರೂ ತಾಲ್ಲೂಕು ಕೇಂದ್ರಗಳಿಗೆ ರೈಲು ಸಂಪರ್ಕವಿಲ್ಲ. ಆದರೆ ಶಿವಮೊಗ್ಗ, ಬೀರೂರು, ಕಡೂರು, ಉಡುಪಿಯವರೆಗೆ ರೈಲಿನಲ್ಲಿ ಬರುವವರು ಅನೇಕರಿದ್ದಾರೆ. ಪೆಟ್ರೋಲ್, ಸೀಮೆಎಣ್ಣೆಯಂಥ ದಹನಶೀಲ ವಸ್ತುಗಳನ್ನು ರೈಲಿನಲ್ಲಿ ಒಯ್ಯುವುದು 1989ರ ರೈಲ್ವೆ ಕಾಯ್ದೆಯಡಿ ಅಪರಾಧ. 3 ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ ಅಕ್ರಮವಾಗಿ ತಂದಿದ್ದ ಅನಿಲ ಸಿಲಿಂಡರ್‌ನಿಂದ ಬೆಂಕಿ ಹೊತ್ತಿಕೊಂಡು 9 ಮಂದಿ ಮೃತಪಟ್ಟಿದ್ದನ್ನು ಮರೆಯುವಂತಿಲ್ಲ. ಬಸ್ಸಿನಲ್ಲೂ ಇಂಧನ ಒಯ್ಯುವುದು ತರವಲ್ಲ. ವಿಮಾನದಲ್ಲಿ ಇಂಧನಕ್ಕೆ ಅವಕಾಶವಿಲ್ಲ. ಒಮ್ಮೆ ಬಳಸಿದ ಸ್ಟೌವ್‌ಗೆ ವಿಮಾನ ಸಂಸ್ಥೆಯ ಪೂರ್ವಾನುಮತಿ ಬೇಕು. ಸ್ಟೌವ್ ಮತ್ತು ಬಾಟಲಿಯನ್ನು ಬರಿದುಮಾಡಿ ತಂದು, ಇಂಧನವನ್ನು ಊರಿನಲ್ಲೇ ಕೊಳ್ಳುವುದು ಸರಿಯಾದ ಕ್ರಮ.

ಎಲ್ಲಿ ಉರಿಸಬಹುದು?

ಸ್ಟೌವ್ ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲೆಂದರಲ್ಲಿ ಹಚ್ಚುವಂತಿಲ್ಲ. ಶೃಂಗೇರಿ ಕಡೆಯ ಕಾಡಿನ ಬಹುಭಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ನರಸಿಂಹರಾಜಪುರದ ಬದಿಗೆ 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಭದ್ರಾ ಅಭಯಾರಣ್ಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ, ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದನ್ನೂ ನಿಷೇಧಿಸಿದೆ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ಮೀಸಲು ಅರಣ್ಯಗಳಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ನಿರ್ಬಂಧಗಳಿವೆ. ಇಲಾಖೆಯ ಚಾರಣ ಪಥಗಳಿಗೆ ಮುಂಗಡ ಅನುಮತಿ ಪಡೆಯಬೇಕು. ಕಾಳ್ಗಿಚ್ಚಿನ ಕಾಲದಲ್ಲಿ ಚಾರಣವನ್ನೇ ನಿಲ್ಲಿಸುವುದುಂಟು. ಬೆಟ್ಟದ ನೆತ್ತಿಯ ಹುಲ್ಲುಗಾವಲು ಜನವರಿಯಿಂದಲೇ ಒಣಗತೊಡಗುತ್ತದೆ. ಉರುಳಿಬಿದ್ದ ಒಂದು ಸ್ಟೌವ್ ಇಡೀ ಗುಡ್ಡವನ್ನು ಸುಡಲು ಸಾಕು.

ಹಾಗಾಗಿ ಈ ಭಾಗದಲ್ಲಿ ಸ್ಟೌವ್‌ಗೆ ನಿಜವಾದ ಜಾಗ ಕಾಡಿನ ಹೊರಗೆ: ಮಾಲೀಕರ ಒಪ್ಪಿಗೆಯಿರುವ ತೋಟದ ಅಂಗಳ, ಹೋಂಸ್ಟೇ ಹಿತ್ತಲು, ಒಣಹುಲ್ಲಿಲ್ಲದ ಖಾಸಗಿ ಶಿಬಿರ. ಬೆಳಿಗ್ಗೆ ಅಲ್ಲಿಯೇ ಚಹಾ ಕಾಯಿಸಿ ಫ್ಲಾಸ್ಕಿಗೆ ತುಂಬಿ, ಅವಲಕ್ಕಿಯನ್ನೋ ಬುತ್ತಿಯನ್ನೋ ಕಟ್ಟಿಕೊಂಡು ಹೊರಟರೆ ಸಂಜೆಯವರೆಗೆ ಬೆಂಕಿಯ ಅಗತ್ಯವೇ ಬೀಳದು. ಈ ಮೂರು ತಾಲ್ಲೂಕುಗಳ ಬಹುತೇಕ ಚಾರಣಗಳು ಒಂದೇ ಹಗಲಿನಲ್ಲಿ ಮುಗಿಯುವಂಥವು. ಸ್ಟೌವ್ ಕೊಳ್ಳುವ ಮುನ್ನ ಚಾರಣಿಗರು ಈ ಲೆಕ್ಕವನ್ನೂ ಹಾಕುವುದು ಒಳಿತು.